ದಾಳದ ಆಟ, ದಾಂಡಿನ ಆಟ



ಮುಂಬಯಿ ಮಹಾನಗರದಲ್ಲಿ ಹುಟ್ಟಿ ದೇಶದ ಉದ್ದಗಲಕ್ಕೂ ಹರಡಿದ ಎರಡು ಮೊಬೈಲ್ ಆಟಗಳ ಬಗ್ಗೆ ಈ ಹೊತ್ತು ಮಾತಾಡಬೇಕೆಂದಿದ್ದೇನೆ. ಒಂದು ಲೂಡೋ ಕಿಂಗ್, ಖಾಡಿಯಾಚೆಯ ನವಿ ಮುಂಬಯಿಯಲ್ಲಿ ತಯಾರಾದದ್ದು. ಇನ್ನೊಂದು ರಿಯಲ್ ಕ್ರಿಕೆಟ್, ಮುಂಬಯಿಯ ನಾಟಿಲಸ್ ಮೊಬೈಲ್ ಎಂಬ ಸಂಸ್ಥೆಯದು. ಕಲ್ಯಾಣದ ಕಡೆಯಿಂದ ಬರುವ ಲೋಕಲ್ ರೈಲಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿದವರ ಕೈಗಳನ್ನು ಗಮನಿಸಿ. ಒಬ್ಬರ ಪರದೆಯ ಮೇಲೆ ಕೆಂಪು, ಹಸಿರು, ಹಳದಿ, ನೀಲಿ ಕಾಯಿಗಳು ಓಡುತ್ತಿರುತ್ತವೆ. ಎದುರಿಗೆ ಕೂತವನು ಎರಡೂ ಹೆಬ್ಬೆರಳು ಬಿಗಿಹಿಡಿದು ಕೊನೆಯ ಓವರಿಗೆ ಹದಿನಾಲ್ಕು ರನ್ನು ಬೇಕೆಂದು ಉಸಿರುಗಟ್ಟಿ ಕೂತಿರುತ್ತಾನೆ.

ಇವೆರಡರಲ್ಲಿ ಯಾವ ಆಟ ದೊಡ್ಡದು ಎಂಬ ವಾದ ನಮ್ಮ ಮನೆಗಳಲ್ಲಿ ನಡೆಯುತ್ತಲೇ ಇರುತ್ತದೆ. ಕ್ರಿಕೆಟ್ ಆಡುವ ಮಗ ಲೂಡೋ ಆಡುವ ತಾಯಿಯನ್ನು ಕೇಳುತ್ತಾನೆ: "ಅಮ್ಮಾ, ದಾಳ ಉರುಳಿದ ಹಾಗೆ ಕಾಯಿ ನಡೆಸುವುದರಲ್ಲಿ ನಿನ್ನದು ಅಂತ ಏನುಂಟು?" ತಾಯಿ ತಿರುಗಿ ಕೇಳುತ್ತಾಳೆ: "ನೀನು ಗಾಜು ತಿಕ್ಕಿ ಸಿಕ್ಸರ್ ಹೊಡೆದರೆ ಯಾರಿಗೆ ಏನು ಬಂತು ಮಾರಾಯ?" ಇಬ್ಬರೂ ಇನ್ನೊಬ್ಬರ ಸಂತೋಷವನ್ನು ತಮ್ಮ ಅಳತೆಗೋಲಿನಿಂದ ಅಳೆಯುತ್ತಿದ್ದಾರೆ. ಆ ಆಟದಿಂದ ಆಡುವವನಿಗೆ ಏನು ಸಿಗುತ್ತಿದೆ, ಅದು ಅವನಿಗೆ ಬೇರೆಲ್ಲೂ ಯಾಕೆ ಸಿಗುತ್ತಿಲ್ಲ ಎಂದು ಮೊದಲು ಕೇಳಬೇಕು. ಇಲ್ಲದಿದ್ದರೆ ಆಟವೂ ಅರ್ಥವಾಗುವುದಿಲ್ಲ, ಆಡುವವನೂ ಅರ್ಥವಾಗುವುದಿಲ್ಲ.

ಮೊದಲು ಲೂಡೋ. ಲೂಡೋ ಕಿಂಗ್ ಮಾಡಿದವರು ವಿಕಾಶ್ ಜೈಸ್ವಾಲ್, ಬಿಹಾರದ ಪಾಟ್ನಾದಿಂದ ಬಂದವರು. ಮುಂಬಯಿಗೆ ಬಂದು ಅವರು ಇಂಡಿಯಾಗೇಮ್ಸ್‌ನಲ್ಲಿ ಕೆಲಸ ಮಾಡಿದರು. 1999ರಲ್ಲಿ ವಿಶಾಲ್ ಗೊಂಡಾಲ್ ಕಟ್ಟಿದ ಆ ಸಂಸ್ಥೆ, ನಮ್ಮ ಕೈಯಲ್ಲಿ ಇನ್ನೂ ಗುಂಡಿ ಒತ್ತುವ ಫೋನುಗಳಿದ್ದ ಕಾಲದಲ್ಲೇ ಆಟಗಳನ್ನು ಮಾಡುತ್ತಿತ್ತು. ಜೈಸ್ವಾಲ್ ಮುಂದೆ ಗೇಮೇಷನ್ ಎಂಬ ತಮ್ಮದೇ ಸಂಸ್ಥೆ ತೆರೆದು 2016ರಲ್ಲಿ ಲೂಡೋ ಕಿಂಗ್ ಹೊರತಂದರು. ಹತ್ತು ಕೋಟಿ ಡೌನ್‌ಲೋಡ್ ದಾಟಿದ ಮೊದಲ ಭಾರತೀಯ ಆಟ ಎಂಬ ಹೆಸರು ಅದಕ್ಕೆ ಬಂತು. 2020ರ ಕೊನೆಯ ಹೊತ್ತಿಗೆ ಆ ಸಂಖ್ಯೆ ಐವತ್ತು ಕೋಟಿಗೆ ಮುಟ್ಟಿತ್ತು.

ಆಟ ಹೊಸದಲ್ಲ ಎಂದು ನಿಮಗೆಲ್ಲ ಗೊತ್ತು. ಬಟ್ಟೆಯ ಮೇಲೆ ಕೂಡುರಸ್ತೆಯ ಆಕಾರದಲ್ಲಿ ಹೊಲಿದ ಪಚ್ಚೀಸಿ, ಪಗಡೆ ನಮ್ಮಲ್ಲಿ ಶತಮಾನಗಳಿಂದ ಇದ್ದವು. ಅಕ್ಬರನ ಫತೇಪುರ್ ಸಿಕ್ರಿಯ ಅಂಗಳದಲ್ಲಿ ಕಲ್ಲುಹಾಸಿನ ಮೇಲೆಯೇ ಪಚ್ಚೀಸಿಯ ಪಟವಿದೆ. ಇಂಗ್ಲೆಂಡಿನಲ್ಲಿ 1896ರಲ್ಲಿ ಆಲ್‌ಫ್ರೆಡ್ ಕಾಲಿಯರ್ ಎಂಬವರು ಇದಕ್ಕೊಂದು ಸರಳ ರೂಪ ಕೊಟ್ಟು ಲೂಡೋ ಎಂದು ಪೇಟೆಂಟು ಪಡೆದರು. ಕವಡೆ ಹೋಗಿ ಆರು ಮುಖದ ದಾಳ ಬಂತು, ಬಟ್ಟೆ ಹೋಗಿ ರಟ್ಟು ಬಂತು. ಆ ರಟ್ಟು ಹಡಗೇರಿ ನಮ್ಮ ಅಂಗಡಿಗಳಿಗೆ ಬಂದು, ಹಿಂದುಗಡೆ ಹಾವು ಏಣಿ ಅಂಟಿಸಿಕೊಂಡು, ರಜೆಯ ಮಧ್ಯಾಹ್ನಗಳನ್ನೆಲ್ಲ ಆಳಿತು.

ನಮ್ಮ ಕನ್ನಡ ಸೀಮೆಯಲ್ಲಿ ಇದರ ಹತ್ತಿರದ ನೆಂಟ ಚೌಕಾಬಾರ. ಐದು ಸಾಲು ಐದು ಮನೆ, ನಾಲ್ಕು ಕವಡೆ. ನಾಲ್ಕೂ ಅಂಗಾತ ಬಿದ್ದರೆ ನಾಲ್ಕು, ನಾಲ್ಕೂ ಬೋರಲಾದರೆ ಎಂಟು. ಅದರಲ್ಲಿ ಎದುರಾಳಿಯ ಕಾಯಿ ಹೊಡೆಯದೆ ಒಳಸುತ್ತಿಗೆ ಪ್ರವೇಶವಿಲ್ಲ ಎಂಬ ಕಟ್ಟುನಿಟ್ಟು ಹಲವು ಕಡೆ ಇದೆ. ಒಳಮನೆ ಮುಟ್ಟಿದ ಕಾಯಿ ಹಣ್ಣಾಯಿತು ಎನ್ನುತ್ತೇವೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಇಂಥ ಆಟಗಳನ್ನು ರಾಜವಿದ್ಯೆಯಂತೆ ಪೋಷಿಸಿದರು. ತಾವೇ ಪಟಗಳನ್ನು ರಚಿಸಿದರು, ಚದುರಂಗದ ಕುದುರೆ ಒಂದು ಮನೆಯನ್ನೂ ಬಿಡದೆ, ಒಮ್ಮೆ ಹೋದ ಮನೆಗೆ ಮತ್ತೆ ಹೋಗದೆ ಪಟವಿಡೀ ಸುತ್ತುವ ಬಂಧಗಳನ್ನು ಹೆಣೆದರು. ಅವರ ಶ್ರೀತತ್ತ್ವನಿಧಿಯಲ್ಲಿ ಕೌತುಕನಿಧಿ ಎಂಬ ಒಂದು ಭಾಗವೇ ಆಟಗಳಿಗೆ ಮೀಸಲು. ಆಟದ ಬಗ್ಗೆ ಗಂಭೀರವಾಗಿ ಯೋಚಿಸುವುದು ನಮಗೆ ಹೊರಗಿನಿಂದ ಬಂದ ಅಭ್ಯಾಸವೇನೂ ಅಲ್ಲ.

ಹಾಗಾದರೆ ಲೂಡೋ ಕಿಂಗ್ ಹೊಸದಾಗಿ ಮಾಡಿದ್ದೇನು? ನನ್ನ ಉತ್ತರ ಒಂದೇ: ದೂರದಲ್ಲಿರುವವರನ್ನು ಒಂದೇ ಪಟದ ಸುತ್ತ ಕೂರಿಸಿತು. ಒಬ್ಬರು ಕೋಣೆ ತೆರೆಯುತ್ತಾರೆ, ಅದರ ಗುರುತು ಸಂಖ್ಯೆಯನ್ನು ಮಿಕ್ಕವರಿಗೆ ಕಳಿಸುತ್ತಾರೆ, ಅವರು ಎಲ್ಲಿದ್ದರೂ ಬಂದು ಸೇರುತ್ತಾರೆ. 2020ರ ಮಾರ್ಚ್ 23ರಿಂದ ಮುಂಬಯಿಯ ಲೋಕಲ್ ರೈಲುಗಳು ಸಾಮಾನ್ಯ ಪ್ರಯಾಣಿಕರಿಗೆ ನಿಂತುಹೋದವು. ಸುಲಭಕ್ಕೆ ನಿಲ್ಲದ ಊರು ನಿಂತಿತು. ಡೊಂಬಿವಲಿಯ, ಮೀರಾ ರೋಡಿನ, ಭಾಂಡುಪಿನ ಒಂದೊಂದು ಕೋಣೆಯ ಮನೆಗಳಲ್ಲಿ ಐದು ಆರು ಜನ ಹಗಲಿರುಳು ಒಟ್ಟಿಗೆ ಇರಬೇಕಾಯಿತು. ಊರಲ್ಲಿದ್ದ ಅಪ್ಪ ಅಮ್ಮನನ್ನು ನೋಡಲು ಹೋಗುವಂತಿರಲಿಲ್ಲ. ಆಗ ಎಷ್ಟೋ ಕನ್ನಡ, ತುಳು, ಕೊಂಕಣಿ ಮನೆಗಳಲ್ಲಿ ರಾತ್ರಿ ಊಟವಾದ ಮೇಲೆ ಕಾರ್ಕಳದ ಅಜ್ಜಿ, ಮುಲುಂಡಿನ ಮಗಳು, ದುಬೈಯ ಅಳಿಯ, ಪುಣೆಯ ಮೊಮ್ಮಗ ಒಂದು ಪಟದ ನಾಲ್ಕು ಮೂಲೆಗಳಲ್ಲಿ ಕೂತರು. ಇನ್ನೊಂದು ಫೋನಿನಲ್ಲಿ ಕರೆ ಹಚ್ಚಿಟ್ಟು ಮಾತು ಬೇರೆ. "ಅಜ್ಜಿ, ನನ್ನ ಕಾಯಿ ಹೊಡೀಬೇಡಿ" ಎಂದು ಇಲ್ಲಿಂದ ಹುಡುಗ ಅಂಗಲಾಚಿದರೆ, "ಆಟದಲ್ಲಿ ಅಜ್ಜಿಯೂ ಇಲ್ಲ ಪುಳ್ಳಿಯೂ ಇಲ್ಲ ಮಗಾ" ಎಂದು ಅಲ್ಲಿಂದ ಉತ್ತರ. ಮದ್ದು ತೆಗೆದುಕೊಂಡಿರಾ, ಊಟವಾಯಿತಾ, ಕೆಮ್ಮು ಹೇಗಿದೆ ಎಂಬ ಪ್ರಶ್ನೆಗಳೆಲ್ಲ ಎರಡು ದಾಳದ ನಡುವೆ ಕೇಳಿ ಮುಗಿಯುತ್ತಿದ್ದವು. ಬರೀ ಫೋನಿನ ಮಾತು ಐದು ನಿಮಿಷಕ್ಕೆ ಒಣಗುತ್ತದೆ, ಆಡುತ್ತ ಆಡಿದ ಮಾತು ಗಂಟೆಗಟ್ಟಲೆ ನಡೆಯುತ್ತದೆ. ಆ ವರ್ಷ ಈ ಆಟ ಮಾಡಿದ ಉಪಕಾರವನ್ನು ನಾನು ಸಣ್ಣದೆಂದು ಎಂದೂ ಹೇಳಲಾರೆ.

ಈಗ ಆ ಮಗನ ಆಕ್ಷೇಪಕ್ಕೆ ಬರೋಣ. ದಾಳ ಉರುಳಿದ ಹಾಗೆ ಆಟ, ನಮ್ಮದೇನಿದೆ? ಫ್ರಾನ್ಸಿನ ಚಿಂತಕ ರೋಜೆ ಕಾಯ್ವಾ 1958ರಲ್ಲಿ ಆಟಗಳ ಮೇಲೊಂದು ಪುಸ್ತಕ ಬರೆದರು. ಲೋಕದ ಆಟಗಳನ್ನೆಲ್ಲ ಅವರು ನಾಲ್ಕು ಬಗೆಯಾಗಿ ನೋಡುತ್ತಾರೆ: ಪೈಪೋಟಿ, ಅದೃಷ್ಟ, ವೇಷ, ತಲೆಸುತ್ತು. ಜಾತ್ರೆಯ ತೊಟ್ಟಿಲು ಏರುವುದು ತಲೆಸುತ್ತಿನ ಆಟ, ಮಕ್ಕಳು ಅಮ್ಮ ಅಪ್ಪ ಆಗುವುದು ವೇಷದ ಆಟ. ಪೈಪೋಟಿ ಮತ್ತು ಅದೃಷ್ಟ ಎದುರುಬದುರಿನವು. ಒಂದರಲ್ಲಿ ಎಲ್ಲವೂ ಆಡುವವನ ಕೈಯಲ್ಲಿ, ಇನ್ನೊಂದರಲ್ಲಿ ಅವನ ಕೈಯಲ್ಲಿ ಏನೂ ಇಲ್ಲ. ಆದರೆ ಎರಡೂ ಮಾಡುವ ಕೆಲಸ ಒಂದೇ ಎಂಬುದು ಕಾಯ್ವಾ ಕಂಡ ದೊಡ್ಡ ಮಾತು. ಬದುಕಿನಲ್ಲಿ ಸಿಗದ ಸಮಾನತೆಯನ್ನು ಎರಡೂ ಕಟ್ಟಿಕೊಡುತ್ತವೆ. ಪೈಪೋಟಿಯ ಆಟ ಎಲ್ಲರನ್ನೂ ಒಂದೇ ಗೆರೆಯ ಮೇಲೆ ನಿಲ್ಲಿಸಿ, ಓಡಿ ನೋಡಿ ಎನ್ನುತ್ತದೆ. ಅದೃಷ್ಟದ ಆಟ ಎಲ್ಲರ ಬಲವನ್ನೂ ಬದಿಗಿಟ್ಟು, ನೀವೆಲ್ಲ ಒಂದೇ ಎನ್ನುತ್ತದೆ.

ಆರು ವರ್ಷದ ಮಗು, ಅರವತ್ತೈದರ ಅಜ್ಜ ಇಬ್ಬರೂ ಗೆಲ್ಲುವ ಸಮಾನ ಅವಕಾಶದೊಂದಿಗೆ ಕೂರಬಹುದಾದ ಜಾಗ ಮನೆಯಲ್ಲಿ ಇನ್ನೆಲ್ಲಿದೆ? ಚದುರಂಗದಲ್ಲಿ ಅಜ್ಜ ಬೇಕೆಂದೇ ಸೋಲಬೇಕು, ಮಗುವಿಗೂ ಅದು ಗೊತ್ತಾಗುತ್ತದೆ. ಲೂಡೋದಲ್ಲಿ ಮಗು ನಿಜವಾಗಿಯೇ ಗೆಲ್ಲುತ್ತದೆ. ದಾಳಕ್ಕೆ ದಾಕ್ಷಿಣ್ಯವಿಲ್ಲ. ಸೋತವರಿಗೂ ಅದರಲ್ಲೊಂದು ನೆಮ್ಮದಿ ಇದೆ. ಗರ ಬೀಳಲಿಲ್ಲ, ಅಷ್ಟೇ. ತನ್ನ ಬುದ್ಧಿಯ ಮೇಲೆ ಯಾರೂ ತೀರ್ಪು ಕೊಟ್ಟಂತಾಗಲಿಲ್ಲ. ಬೆಳಗ್ಗೆ ಒಂಬತ್ತರಿಂದ ಸಂಜೆ ಏಳರ ತನಕ ಅಂಕಿ ಅಂಶ, ಗುರಿ, ಮೇಲಧಿಕಾರಿಯ ಮುಖ ಇವುಗಳ ನಡುವೆ ತೂಗಿಸಿಕೊಂಡು ಬಂದವರಿಗೆ, ಯಾರೂ ತೂಗದ ಅರ್ಧ ಗಂಟೆ ಬೇಕಾಗುತ್ತದೆ. ಅಂಥವರು ಲೂಡೋ ತೆರೆದರೆ ಅದು ಸೋಮಾರಿತನವಲ್ಲ.

ಲೂಡೋ ಆಡುವವರು ಒಂದು ದೂರು ಹೇಳುವುದನ್ನು ನೀವು ಕೇಳಿರಬಹುದು. ಆ್ಯಪ್ ಮೋಸ ಮಾಡುತ್ತದೆ, ಬೇಕಾದವರಿಗೆ ಆರು ಕೊಡುತ್ತದೆ, ನನ್ನ ಕಾಯಿ ಮನೆಯಿಂದ ಹೊರಗೇ ಬರಲಿಲ್ಲ! ಆರು ಬಿದ್ದರೆ ತಾನೆ ಕಾಯಿ ಹೊರಬರುವುದು, ಕೊಂಚ ಲೆಕ್ಕ ಹಾಕೋಣ. ನ್ಯಾಯವಾದ ದಾಳದಲ್ಲಿ ಆರು ಬೀಳುವ ಸಂಭವ ಆರರಲ್ಲೊಂದು. ಹತ್ತು ಸಲ ಎಸೆದರೂ ಒಂದೂ ಆರು ಬೀಳದಿರುವ ಸಂಭವ ನೂರಕ್ಕೆ ಸುಮಾರು 16. ನಾಲ್ಕು ಜನ ಆಡುತ್ತಿದ್ದರೆ, ಅವರಲ್ಲಿ ಒಬ್ಬರಾದರೂ ಮೊದಲ ಹತ್ತು ಗರ ಮನೆಯೊಳಗೇ ಕೂತಿರುವ ಸಂಭವ ನೂರಕ್ಕೆ 50ರಷ್ಟು. ಅಂದರೆ ಎರಡು ಆಟಕ್ಕೊಂದು ಆಟದಲ್ಲಿ ಯಾರೋ ಒಬ್ಬರಿಗೆ ಈ ಗತಿ ಬರುವುದೇ ಸಹಜ. ರಟ್ಟಿನ ಮೇಲೆ ಆಡುವಾಗ ದಾಳ ನಮ್ಮ ಅಂಗೈಯಲ್ಲಿತ್ತು, ಆದ್ದರಿಂದ ಹಣೆಬರಹ ಎನ್ನುತ್ತಿದ್ದೆವು. ಈಗ ದಾಳ ಕಾಣದ ಯಂತ್ರದಲ್ಲಿದೆ, ಆದ್ದರಿಂದ ಅನುಮಾನಪಡುತ್ತೇವೆ. ಗಣಿತ ಎರಡು ಕಡೆಯೂ ಒಂದೇ. ಶಾಲೆಯಲ್ಲಿ ಸಂಭವನೀಯತೆ ಕಲಿಸುವ ಗುರುಗಳು ಈ ಆಟವನ್ನೇ ತರಗತಿಗೆ ತಂದರೆ ಮಕ್ಕಳು ಆ ಪಾಠವನ್ನು ಮರೆಯಲಾರರು.

ಇನ್ನು ಕ್ರಿಕೆಟ್. ಈ ವಿಷಯಕ್ಕೆ ಬಂದರೆ ಮುಂಬಯಿಯವರ ಮಾತು ಬೇಗ ನಿಲ್ಲುವುದಿಲ್ಲ. ಆಜಾದ್ ಮೈದಾನದಲ್ಲಿ ಹತ್ತಿಪ್ಪತ್ತು ಪಂದ್ಯ ಒಟ್ಟೊಟ್ಟಿಗೆ ನಡೆಯುತ್ತವೆ, ಒಂದು ಪಂದ್ಯದ ಫೀಲ್ಡರು ಇನ್ನೊಂದರ ಅಂಪೈರಿನ ಪಕ್ಕ ನಿಂತಿರುತ್ತಾನೆ. ಅಲ್ಲಿಯೇ 1988ರಲ್ಲಿ ಶಾರದಾಶ್ರಮ ಶಾಲೆಯ ಸಚಿನ್ ತೆಂಡೂಲ್ಕರ್ ಮತ್ತು ವಿನೋದ್ ಕಾಂಬ್ಳಿ 664 ರನ್ನುಗಳ ಜತೆಯಾಟ ಆಡಿದ್ದು. 1948ರಲ್ಲಿ ಶುರುವಾದ ಕಾಂಗಾ ಲೀಗ್ ಮಳೆಗಾಲದಲ್ಲೇ, ಒದ್ದೆ ಪಿಚ್ಚಿನ ಮೇಲೇ ನಡೆದು ಬಂದ ಲೀಗು. ಇಷ್ಟೆಲ್ಲ ಇದ್ದ ಊರಲ್ಲಿ ಇಂದು ಉಪನಗರದ ಹುಡುಗನಿಗೆ ಒಂದು ಚೆಂಡು ಎಸೆಯಲು ಜಾಗವಿಲ್ಲ. ಚಾಳಿನ ಅಂಗಳದಲ್ಲಿ ಗೋಪುರ ಎದ್ದಿದೆ. ಗೋಪುರದ ಕೆಳಗೆ ಕಾರುಗಳು ನಿಂತಿವೆ. ಮಿಕ್ಕಿದ ಮೂಲೆಯಲ್ಲಿ ಆಟಕ್ಕೆ ನಿಷೇಧ ಎಂಬ ಫಲಕ. ಗಂಟೆಗೆ ಬಾಡಿಗೆ ಕೊಟ್ಟು ಬಲೆಯೊಳಗೆ ಬಾಕ್ಸ್ ಕ್ರಿಕೆಟ್ ಆಡುವುದು ಎಲ್ಲ ಮನೆಯ ಮಕ್ಕಳಿಗೆ ಆಗುವ ಮಾತಲ್ಲ. ಮೈದಾನ ಕಿತ್ತುಕೊಂಡು, ಮೊಬೈಲ್ ಬಿಡು ಎಂದು ಮಗುವನ್ನು ಗದರುವ ನಮ್ಮ ನಡವಳಿಕೆಯಲ್ಲಿ ಅನ್ಯಾಯವಿದೆ.

ಮನೆಯ ಕಂಪ್ಯೂಟರಿನಲ್ಲಿ ಕ್ರಿಕೆಟ್ ಆಡುವ ಹುಚ್ಚು ಹತ್ತಿಸಿದ್ದು ಇಎ ಸ್ಪೋರ್ಟ್ಸ್‌ನ ಕ್ರಿಕೆಟ್ 07. ಆ ಸಂಸ್ಥೆ ಅದಾದ ಮೇಲೆ ಕ್ರಿಕೆಟ್ ಆಟ ಮಾಡುವುದನ್ನೇ ಬಿಟ್ಟಿತು. ಆದರೆ ನಮ್ಮ ಹುಡುಗರು ಬಿಡಲಿಲ್ಲ. ವರ್ಷವರ್ಷವೂ ಹೊಸ ತಂಡ, ಹೊಸ ಅಂಗಿಗಳನ್ನು ತಾವೇ ಸೇರಿಸಿ ಅದನ್ನು ಜೀವಂತ ಇಟ್ಟರು. ಆ ಹಸಿವನ್ನು ಫೋನಿನಲ್ಲಿ ತಣಿಸಿದ್ದು ಅನುಜ್ ಮಾಂಕರ್ ಕಟ್ಟಿದ ನಾಟಿಲಸ್ ಸಂಸ್ಥೆಯ ರಿಯಲ್ ಕ್ರಿಕೆಟ್. 20, 22, 24 ಎಂದು ಇಸವಿ ಹೊತ್ತ ಹೊಸ ಹೊಸ ಆವೃತ್ತಿಗಳು ಬಂದವು. ರಿಯಲ್ ಕ್ರಿಕೆಟ್ 20ರಲ್ಲಿ ವೀಕ್ಷಕ ವಿವರಣೆಗೆ ಸಂಜಯ್ ಮಾಂಜ್ರೇಕರ್ ದನಿ ಕೊಟ್ಟರು. ಮಂಗಳೂರಿನಲ್ಲಿ ಹುಟ್ಟಿ, ಮುಂಬಯಿಗೆ ಆಡಿ ಬೆಳೆದ ಆಟಗಾರ ಅವರು. 2024ರಲ್ಲಿ ಇದೇ ಆಟದ ಮೇಲೆ ಗ್ಲೋಬಲ್ ಇ-ಕ್ರಿಕೆಟ್ ಪ್ರೀಮಿಯರ್ ಲೀಗ್ ಎಂಬ ಪಂದ್ಯಾವಳಿಯೇ ನಡೆಯಿತು, ಅದರ ಮುಂಬಯಿ ತಂಡವನ್ನು ಮುಂದೆ ಸಾರಾ ತೆಂಡೂಲ್ಕರ್ ಕೊಂಡರು. ಪಬ್‌ಜಿ ಮಾಡಿದ ದಕ್ಷಿಣ ಕೊರಿಯಾದ ಕ್ರಾಫ್ಟನ್ 2025ರಲ್ಲಿ ನಾಟಿಲಸ್‌ನ ಆಡಳಿತದ ಪಾಲನ್ನೇ ಕೊಂಡಿತು. ವ್ಯಾಪಾರದ ಮಾತು ಸಾಕು.

ಆಟದ ಒಳಗೆ ಏನಿದೆ? ಬೌಲರು ಓಡಿ ಬರುತ್ತಾನೆ. ಎಡ ಹೆಬ್ಬೆರಳು ದಿಕ್ಕು ಹಿಡಿಯಬೇಕು, ಬಲ ಹೆಬ್ಬೆರಳು ಹೊಡೆತವನ್ನು ಆರಿಸಬೇಕು, ಇವೆರಡೂ ಚೆಂಡು ಪುಟಿದೇಳುವ ಆ ಒಂದು ಗಳಿಗೆಯಲ್ಲಿ ಕೂಡಬೇಕು. ಕಣ್ಣೆವೆಯಷ್ಟು ಮುಂಚಿತವಾದರೆ ಕ್ಯಾಚು, ಕಣ್ಣೆವೆಯಷ್ಟು ತಡವಾದರೆ ಬೋಲ್ಡು. ಮೊದಲ ವಾರ ಹೊಸಬ ಹತ್ತು ರನ್ನಿಗೆ ಔಟಾಗುತ್ತಾನೆ. ಯಾರ್ಕರಿಗೆ ಎತ್ತಿ ಹೊಡೆಯಬಾರದು, ನಿಧಾನದ ಚೆಂಡಿಗೆ ಕಾಯಬೇಕು, ಆಫ್ ಬದಿಯ ಫೀಲ್ಡರುಗಳು ಎಲ್ಲಿ ಎಂದು ನೋಡಿ ಹೊಡೆಯಬೇಕು ಎಂಬುದು ಸೋತು ಸೋತು ಕೈಗೆ ಹತ್ತುತ್ತದೆ. ತಿಂಗಳು ಕಳೆದ ಮೇಲೆ ಅವನೇ ಕೊನೆಯ ಓವರಿನಲ್ಲಿ ಗೆಲ್ಲಿಸುತ್ತಾನೆ. ಅವನಿಗೆ ಅದರಲ್ಲಿ ಸಿಗುವ ಸುಖ ಒಂದೇ ಮಾತಿನದು: ಇದನ್ನು ನಾನು ಮಾಡಿದೆ. ಗರ ಬಿತ್ತು ಎನ್ನುವುದಕ್ಕೂ ನಾನು ಮಾಡಿದೆ ಎನ್ನುವುದಕ್ಕೂ ಇರುವ ಅಂತರವೇ ಈ ಎರಡು ಆಟಗಳ ಅಂತರ.

ಆ ಮಾತು ಯಾರಿಗೆ ಬೇಕು? ಮಾಟುಂಗಾದ, ಚೆಂಬೂರಿನ, ಅಂಧೇರಿಯ ಉಡುಪಿ ಹೋಟೆಲುಗಳಲ್ಲಿ ಕೆಲಸ ಮಾಡುವ ಹುಡುಗರನ್ನು ನೋಡಿ. ಮಧ್ಯಾಹ್ನದ ಊಟದ ಗಿರಾಕಿಗಳು ಖಾಲಿಯಾಗಿ ಸಂಜೆಯ ಚಹಾದ ಗಲಾಟೆ ಶುರುವಾಗುವ ಮೊದಲು ಅವರಿಗೊಂದು ಬಿಡುವು. ಗೋಡೆಗೆ ಒರಗಿ, ಬೆಳಗಿನಿಂದ ನಿಂತ ಕಾಲು ಚಾಚಿ, ಐದು ಓವರಿನ ಒಂದು ಪಂದ್ಯ ಆಡುತ್ತಾರೆ. ದಿನವಿಡೀ ಇನ್ನೊಬ್ಬರು ಹೇಳಿದ್ದನ್ನು ತಂದುಕೊಡುವ ಹುಡುಗ ಅಲ್ಲಿ ತಂಡದ ನಾಯಕ. ಫೀಲ್ಡಿಂಗ್ ಅವನು ನಿಲ್ಲಿಸಿದ ಹಾಗೆ ನಿಲ್ಲುತ್ತದೆ, ಯಾರಿಗೆ ಚೆಂಡು ಕೊಡಬೇಕು ಎಂಬುದು ಅವನ ನಿರ್ಧಾರ. ವಾಂಖೆಡೆಯ ಟಿಕೇಟಿಗೆ ಅವನ ಸಂಬಳ ಒಪ್ಪುವುದಿಲ್ಲ, ಪರದೆಯ ಮೇಲೆ ಅವನು ಮೈದಾನದ ನಡುವೆಯೇ ನಿಂತಿದ್ದಾನೆ. ಕಾಯ್ವಾ ಹೇಳಿದ ಮೂರನೆಯ ಬಗೆ, ವೇಷದ ಆಟ, ಇಲ್ಲಿ ಪೈಪೋಟಿಯೊಂದಿಗೆ ಬೆರೆತಿದೆ. ಯಕ್ಷಗಾನದ ಚೌಕಿಯಲ್ಲಿ ಬಣ್ಣ ಹಚ್ಚಿದ ಮೇಲೆ ಮಾಣಿಯೂ ಅರ್ಜುನನಾಗುವ ಹಾಗೆ, ಅವನು ಆ ಹತ್ತು ನಿಮಿಷ ಬೇರೆ ಒಬ್ಬನಾಗುತ್ತಾನೆ.

ಆದರೆ ಇದನ್ನು ಬರೀ ವಯಸ್ಸಿನ ಲೆಕ್ಕವಾಗಿ, ಹುಡುಗರಿಗೆ ಕ್ರಿಕೆಟ್ಟು, ಹೆಂಗಸರಿಗೂ ಮುದುಕರಿಗೂ ಲೂಡೋ ಎಂದು ಹಂಚಿಬಿಡಬೇಡಿ. ನಾನು ಸುತ್ತಮುತ್ತ ಕಂಡದ್ದು ಹಾಗಿಲ್ಲ. ಪ್ರವೇಶ ಪರೀಕ್ಷೆಗೆ ಓದುವ ಮಕ್ಕಳು ಎಷ್ಟೋ ಜನ ರಾತ್ರಿ ಹತ್ತು ನಿಮಿಷ ಲೂಡೋ ಆಡಿ ಮಲಗುತ್ತಾರೆ. ದಿನವಿಡೀ ರ್‍ಯಾಂಕಿನ ಓಟ ಓಡಿದವರಿಗೆ ಮತ್ತೊಂದು ಪೈಪೋಟಿ ಬೇಡ. ಬ್ಯಾಂಕಿನಿಂದ ನಿವೃತ್ತರಾದ ಹಿರಿಯರು ಮೊಬೈಲ್ ಕ್ರಿಕೆಟ್ಟಿನಲ್ಲಿ ಬೆವರಿಳಿಸುವುದನ್ನೂ ಕಂಡಿದ್ದೇನೆ. ಏನನ್ನಾದರೂ ಸಾಧಿಸುವ ಅವಕಾಶ ಅವರ ದಿನದಿಂದ ಇದ್ದಕ್ಕಿದ್ದಂತೆ ಹೋಗಿಬಿಟ್ಟಿದೆ. ಹೆಂಗಸರ ಡಬ್ಬಿಯಲ್ಲಿ ವಿರಾರಿನಿಂದ ಚರ್ಚ್‌ಗೇಟಿನ ತನಕ ನಾಲ್ಕು ಗೆಳತಿಯರು ಒಂದೇ ಫೋನಿನ ಸುತ್ತ ಲೂಡೋ ಆಡುವಾಗ, ಅವರಿಗೆ ಆಟಕ್ಕಿಂತ ಆ ಕೂಟ ಮುಖ್ಯ. ಗಂಡಸರ ಡಬ್ಬಿಯಲ್ಲಿ ಬ್ರೀಫ್‌ಕೇಸಿನ ಮೇಲೆ ಇಸ್ಪೀಟ್ ಎಲೆ ಹಾಕಿ ಆಡುವ ಗುಂಪುಗಳ ಹಳೆಯ ಸಂಪ್ರದಾಯದ ಮುಂದುವರಿಕೆ ಅದು.

ಎಲೆಯ ಮಾತು ಬಂದದ್ದರಿಂದ ಇನ್ನೊಬ್ಬರನ್ನು ನೆನೆಯಬೇಕು. ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ 1978ರಲ್ಲಿ ರಾಯ್ ಟ್ರಬ್‌ಶಾ ಮತ್ತು ರಿಚರ್ಡ್ ಬಾರ್ಟ್ಲ್ ಎಂಬ ಇಬ್ಬರು ವಿದ್ಯಾರ್ಥಿಗಳು, ಹಲವರು ಒಟ್ಟಿಗೆ ಹೊಕ್ಕು ಆಡುವ ಕಂಪ್ಯೂಟರ್ ಆಟವೊಂದನ್ನು ಕಟ್ಟಿದರು. ಚಿತ್ರವೇ ಇಲ್ಲ, ಎಲ್ಲ ಅಕ್ಷರದಲ್ಲಿ. ಆಟಗಾರರು ಏನು ಬಯಸುತ್ತಾರೆ ಎಂಬ ಚರ್ಚೆಯನ್ನು ವರ್ಷಗಟ್ಟಲೆ ಕೇಳಿ, 1996ರಲ್ಲಿ ಬಾರ್ಟ್ಲ್ ಒಂದು ಲೇಖನ ಬರೆದರು. ಆಟಗಾರರನ್ನು ಎಲೆಗಳ ನಾಲ್ಕು ಬಣ್ಣಗಳಿಗೆ ಹೋಲಿಸಿದರು. ಡೈಮಂಡಿನವರು ಸಾಧಕರು, ಅಂಕ ಪದವಿ ಕೂಡಿಹಾಕುವವರು. ಇಸ್ಪೀಟಿನವರು ಅಗೆದು ಹುಡುಕುವವರು, ಆಟದ ಲೋಕದ ಮೂಲೆಮೂಲೆ ನೋಡಬೇಕು ಅವರಿಗೆ. ಆಠಿಣಿನವರು ಜನ ಬೇಕಾದವರು. ಕಳಾವರಿನವರು ಎದುರಿನವರನ್ನು ಮಣಿಸುವುದರಲ್ಲೇ ಸುಖ ಕಾಣುವವರು.

ಈ ಕನ್ನಡಕದಿಂದ ನೋಡಿದರೆ ನಮ್ಮ ಎರಡು ಆಟಗಳೂ ಬೇರೆಯೇ ಕಾಣುತ್ತವೆ. ಲೂಡೋ ಬಹುಪಾಲು ಆಠಿಣಿನವರ ಆಟ. ಆದರೆ ಅದರಲ್ಲಿ ಕಳಾವರಿನವರೂ ನುಸುಳುತ್ತಾರೆ: ತನ್ನ ಕಾಯಿ ಹಣ್ಣಾಗದಿದ್ದರೂ ಸರಿ, ಅತ್ತಿಗೆಯ ಕಾಯಿ ಹೊಡೆಯಬೇಕೆಂದು ಹಿಂದೆಯೇ ಕಾದು ಕೂರುವವರು ನಿಮ್ಮ ಮನೆಯಲ್ಲೂ ಒಬ್ಬರಿದ್ದೇ ಇರುತ್ತಾರೆ. ರಿಯಲ್ ಕ್ರಿಕೆಟ್ ಡೈಮಂಡಿನವರ ಆಟ. ಹುಡುಕಾಟದ ಮನಸ್ಸಿನವರಿಗೆ ಇವೆರಡರಲ್ಲೂ ಹೆಚ್ಚು ಉಣಿಸಿಲ್ಲ. ಐವತ್ತೆರಡು ಮನೆಯ ಸುತ್ತಿನಲ್ಲಿ ಹೊಸ ಓಣಿ ಇಲ್ಲ, ಇಪ್ಪತ್ತೆರಡು ಗಜದ ಪಿಚ್ಚಿನಾಚೆ ಊರಿಲ್ಲ. ಅಂಥವರು ವಿಶಾಲ ಲೋಕಗಳಿರುವ ಬೇರೆ ಆಟಗಳಿಗೆ ಹೋಗುತ್ತಾರೆ. ನೂರು ಜನ ವಿಮಾನದಿಂದ ದ್ವೀಪವೊಂದಕ್ಕೆ ಹಾರಿ, ಉಳಿದವನೊಬ್ಬ ಗೆಲ್ಲುವ ಪಬ್‌ಜಿ 2020ರ ಸೆಪ್ಟೆಂಬರಿನಲ್ಲಿ ನಿಷೇಧವಾದಾಗ ಅತ್ತ ಮಕ್ಕಳಲ್ಲಿ ಹಲವರು ಬಂದೂಕಿಗಾಗಿ ಅಳಲಿಲ್ಲ. ಗೆಳೆಯರೊಂದಿಗೆ ಸುತ್ತಾಡುತ್ತಿದ್ದ ಒಂದು ಬಯಲು ಹೋಯಿತೆಂದು ಅತ್ತರು. ಬಯಲಿಲ್ಲದ ಊರಿನ ಮಕ್ಕಳ ಆ ದುಃಖ ದೊಡ್ಡವರಿಗೆ ತಿಳಿಯಲಿಲ್ಲ.

ಇನ್ನು ಎರಡೂ ಆಟಗಳನ್ನು ಕೆಡಿಸುವ ಒಂದು ವಿಷಯವಿದೆ. ಅದು ಹಣ. ಹಣ ಕಟ್ಟಿ ಆಡಿಸುವ ಲೂಡೋ ಆ್ಯಪ್ ಒಂದರ ವಿರುದ್ಧದ ದೂರು 2021ರಲ್ಲಿ ಬಾಂಬೆ ಹೈಕೋರ್ಟಿನ ಮೆಟ್ಟಿಲೇರಿತು. ಲೂಡೋ ಕೌಶಲದ ಆಟವೋ ಅದೃಷ್ಟದ ಆಟವೋ ಎಂಬುದೇ ಪ್ರಶ್ನೆ. ನಮ್ಮ ಕಾನೂನಿನಲ್ಲಿ ಈ ಭೇದಕ್ಕೆ ಬಹಳ ಬೆಲೆ ಇತ್ತು. 1967ರಲ್ಲಿ ಸುಪ್ರೀಂ ಕೋರ್ಟು ರಮ್ಮಿಯನ್ನು ಮುಖ್ಯವಾಗಿ ಕೌಶಲದ ಆಟ ಎಂದ ಮೇಲೆ, ಹಣದಾಟ ನಡೆಸುವವರೆಲ್ಲ ತಮ್ಮದೂ ಕೌಶಲವೇ ಎಂದು ಹೇಳುತ್ತ ಬಂದರು. ಇಂಥ ಹಣದಾಟದ ಮೇಲೆ ಕರ್ನಾಟಕ 2021ರಲ್ಲಿ ತಂದ ನಿಷೇಧವನ್ನು ಅಲ್ಲಿನ ಹೈಕೋರ್ಟು 2022ರ ಫೆಬ್ರವರಿಯಲ್ಲಿ ರದ್ದು ಮಾಡಿತು. ಕೊನೆಗೆ 2025ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಆ ಭೇದವನ್ನೇ ಬದಿಗಿಟ್ಟಿತು: ಕೌಶಲವಿರಲಿ ಅದೃಷ್ಟವಿರಲಿ, ಹಣ ಪಣವಿಟ್ಟು ಆಡಿಸುವಂತಿಲ್ಲ. ಇ-ಸ್ಪೋರ್ಟ್ಸ್ ಮತ್ತು ಸುಮ್ಮನೆ ಕೂಡಿ ಆಡುವ ಆಟಗಳನ್ನು ಬೇರೆಯಾಗಿಟ್ಟು ಪ್ರೋತ್ಸಾಹಿಸುವ ಮಾತಾಡಿತು. ಈ ವಿಂಗಡಣೆ ಸರಿ ಎಂದು ನಾನು ದೃಢವಾಗಿ ನಂಬುತ್ತೇನೆ. ಅದೃಷ್ಟದ ಆಟ ಎಲ್ಲರನ್ನೂ ಸಮಾನರನ್ನಾಗಿ ಮಾಡುತ್ತದೆ ಎಂದೆ. ಅದರ ಮೇಲೆ ಹಣ ಬಿದ್ದ ಕೂಡಲೇ ಆ ಸಮಾನತೆ ಸತ್ತಿತು. ಸಾವಿರ ಕಳೆದುಕೊಂಡರೆ ಒಬ್ಬನಿಗೆ ಏನೂ ಅನಿಸುವುದಿಲ್ಲ, ಇನ್ನೊಬ್ಬನ ಮನೆಯ ತಿಂಗಳ ದಿನಸಿಯೇ ಹೋಗುತ್ತದೆ. ಪಗಡೆಯ ಹಾಸಿನ ಮೇಲೆ ರಾಜ್ಯ ಹೋದ ಕಥೆ ಕೇಳಿ ಬೆಳೆದವರು ನಾವು.

ಹಣವಿಲ್ಲದೆಯೂ ಆಟ ಮಿತಿ ಮೀರುವುದುಂಟು. ಬೆಂಗಳೂರಿನ ನಿಮ್ಹಾನ್ಸ್ 2014ರಿಂದಲೇ ತಂತ್ರಜ್ಞಾನದ ಅತಿಬಳಕೆಗೆ ಒಂದು ಪ್ರತ್ಯೇಕ ಚಿಕಿತ್ಸಾಲಯ ನಡೆಸುತ್ತಿದೆ. ನಿದ್ದೆ, ಊಟ, ಓದು, ಮಾತು ಎಲ್ಲವನ್ನೂ ಆಟ ನುಂಗಲು ತೊಡಗಿದರೆ ಅಂಥ ಕಡೆ ಹೋಗಲು ಸಂಕೋಚಪಡಬಾರದು. ಆದರೆ ದಿನಕ್ಕೆ ಒಂದರ್ಧ ಗಂಟೆ ಆಡುವ ಎಲ್ಲ ಮಕ್ಕಳನ್ನೂ ರೋಗಿಗಳಂತೆ ನೋಡುವುದು ತಪ್ಪು.

ಕೊನೆಗೆ, ನಿಮ್ಮ ಮತ ಯಾವ ಕಡೆ ಎಂದು ನೀವು ಕೇಳಬಹುದು. ನೇರವಾಗಿ ಹೇಳುತ್ತೇನೆ. ಮಾಡಿದ ಕೈಯ ಕುಸುರಿ ನೋಡಿದರೆ ರಿಯಲ್ ಕ್ರಿಕೆಟ್ ಎಷ್ಟೋ ಮೇಲು. ಚೆಂಡಿನ ಪುಟಿತ, ಬ್ಯಾಟಿನ ಬೀಸು, ಪ್ರೇಕ್ಷಕರ ಕೂಗು, ಸಂಜೆಯ ಬೆಳಕು ಇವನ್ನೆಲ್ಲ ಅಂಗೈಯಗಲದ ಪರದೆಯಲ್ಲಿ ತಂದವರ ಶ್ರಮ ಗೌರವಕ್ಕೆ ಅರ್ಹ. ಒಬ್ಬಂಟಿ ಗಳಿಗೆಯಲ್ಲಿ, ತನ್ನ ಕೈ ಏನು ಮಾಡಬಲ್ಲದು ಎಂದು ನೋಡಿಕೊಳ್ಳಬೇಕಾದವನಿಗೆ ಅದೇ ತಕ್ಕ ಆಟ. ಆದರೆ ಒಂದು ಮನೆಗೆ ಒಂದೇ ಆಟ ಇಟ್ಟುಕೊಳ್ಳಿ ಎಂದರೆ ನಾನು ಲೂಡೋ ಇಟ್ಟುಕೊಳ್ಳುತ್ತೇನೆ. ಅದರಲ್ಲಿ ಯಾರನ್ನೂ ಹೊರಗಿಡಬೇಕಾಗಿಲ್ಲ. ಓದು ಬಾರದವರು, ಕಣ್ಣು ಮಂಜಾದವರು, ಬೆರಳು ನಡುಗುವವರು, ಇನ್ನೂ ಎಣಿಕೆ ಕಲಿಯುತ್ತಿರುವವರು ಎಲ್ಲರಿಗೂ ಅಲ್ಲೊಂದು ಮೂಲೆಯಿದೆ.

ಕೇಳುಗರಲ್ಲಿ ನನ್ನದೊಂದು ವಿನಂತಿ. ನಿಮ್ಮ ಮನೆಯಲ್ಲಿ ಮೊಬೈಲ್ ಹಿಡಿದು ಆಡುತ್ತ ಕೂತವರಿದ್ದರೆ, ಅವರು ಮಗುವಿರಲಿ, ಮನೆಯೊಡತಿಯಿರಲಿ, ಅತ್ತೆ ಮಾವ ಇರಲಿ, ಬಿಡು ಎನ್ನುವ ಮೊದಲು ಪಕ್ಕದಲ್ಲಿ ಹತ್ತು ನಿಮಿಷ ಕೂತು ನೋಡಿ. ಇದರಲ್ಲಿ ನಿನಗೆ ಯಾವುದು ಇಷ್ಟ, ನನಗೂ ಸ್ವಲ್ಪ ಹೇಳಿಕೊಡು ಎಂದು ಕೇಳಿ. ಅವರು ಕೊಡುವ ಉತ್ತರದಲ್ಲಿ ಅವರ ದಿನ ಹೇಗೆ ಕಳೆಯುತ್ತಿದೆ ಎಂಬುದು ನಿಮಗೆ ಗೊತ್ತಾಗುತ್ತದೆ. ಹಾಗೆಯೇ ನಿಮ್ಮ ಸೊಸೈಟಿಯ ಮುಂದಿನ ಸಭೆಯಲ್ಲಿ, ಕೆಳಗಿನ ಅಂಗಳದಲ್ಲಿ ಮಕ್ಕಳು ಆಡಬಾರದೆಂಬ ಫಲಕವಿದ್ದರೆ ಅದನ್ನು ತೆಗೆಸಲು ಕೈಯೆತ್ತಿ.